ಬಾಡಿಗೆ ಯಾರು ಕೊಟ್ಟರು?

ಎ.ಎಂ.ಆರ್. ರಮೇಶ್ ಅವರ ‘ಸೈನೈಡ್’ (2006) ಚಿತ್ರದ ಬಗ್ಗೆ ಒಂದು ಹೊಗಳಿಕೆ ಗಾದೆಯಂತೆ ಉಳಿದುಬಿಟ್ಟಿದೆ: ನಡೆದದ್ದನ್ನು ನಡೆದ ಹಾಗೆ ತೋರಿಸಿದ ಚಿತ್ರ. ರಾಜೀವ್ ಗಾಂಧಿ ಹತ್ಯೆಯ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ಹತ್ಯೆಯ ಸಂಚುಕೋರ, ಎಲ್‌ಟಿಟಿಇಯ ಶಿವರಸನ್ ಬೆಂಗಳೂರಿಗೆ ಬಂದದ್ದು, ಕೋಣನಕುಂಟೆಯ ಮನೆ, 1991ರ ಆಗಸ್ಟ್ 20ರ ಬೆಳಗಿನ ಜಾವದ ಏಳು ಹೆಣಗಳು ಎಲ್ಲರಿಗೂ ಗೊತ್ತು. ಚಿತ್ರ ಹಿಡಿದದ್ದು ಆ ಕೊನೆಯ ಸುಮಾರು ಇಪ್ಪತ್ತು ದಿನಗಳನ್ನು.

ಅದೇ ಅದರ ಜಾಣತನ, ಅದೇ ಅದರ ತಪ್ಪಿಸಿಕೊಳ್ಳುವಿಕೆ. ರವಿ ಕಾಳೆ ಅವರ ಶಿವರಸನ್ ಮೈ ಜುಮ್ಮೆನಿಸುತ್ತಾನೆ, ನಿಜ. ತಾರಾ ಮತ್ತು ರಂಗಾಯಣ ರಘು ಆಶ್ರಯ ಕೊಟ್ಟ ಮನೆಯವರ ಪಾಡನ್ನು ನಮ್ಮ ಪಕ್ಕದ ಮನೆಯದೆಂಬಷ್ಟು ಹತ್ತಿರ ತರುತ್ತಾರೆ. ಹೊರಗೆ ಕಮಾಂಡೊಗಳು, ಆದಷ್ಟು ಜೀವಂತ ಹಿಡಿಯಬೇಕೆಂದು ಸೈನೈಡ್‌ಗೆ ಮದ್ದು ಬರುವವರೆಗೆ ಕಾದ ಆ ಒಂದೂವರೆ ದಿನವೇ ಸಾಕು, ಯಾವ ನಿರ್ದೇಶಕನಿಗೂ ಕುತೂಹಲ ಕಟ್ಟಿಕೊಡಲು. ಆದರೆ ನೋಡುಗನ ಪ್ರಶ್ನೆ ‘ಸಿಕ್ಕಿಬೀಳುತ್ತಾರೋ ಇಲ್ಲವೋ’ ಎಂಬಲ್ಲಿಗೆ ನಿಲ್ಲುತ್ತದೆ. ಇಷ್ಟು ಜನರನ್ನು ಊರಿಂದೂರಿಗೆ ಸಾಗಿಸಿ, ಅಡಗಿಸಿ, ಉಣ್ಣಿಸಿ ಸಾಕಿದ ದುಡ್ಡು ಯಾವ ದಾರಿಯಿಂದ ಬಂತು? ಚಿತ್ರಕ್ಕೆ ಅದು ಬೇಕಾಗಿಲ್ಲ. ಕುತ್ತಿಗೆಯ ಸೈನೈಡ್ ಕುಪ್ಪಿ ಕಾಣುತ್ತದೆ, ಕಿಸೆ ಕಾಣುವುದಿಲ್ಲ. ಇದೇ ಚಿತ್ರ ತಮಿಳಿಗೆ ‘ಕುಪ್ಪಿ’ ಎಂಬ ಹೆಸರಿನಲ್ಲೇ ಹೋಯಿತು.

ಅದೇ 2006ರ ಮಾರ್ಚ್‌ನಲ್ಲಿ ‘ಹ್ಯೂಮನ್ ರೈಟ್ಸ್ ವಾಚ್’ ಸಂಸ್ಥೆ ಒಂದು ವರದಿ ಹೊರತಂದಿತು: ‘ಫಂಡಿಂಗ್ ದಿ ಫೈನಲ್ ವಾರ್’. ಟೊರೊಂಟೊ, ಲಂಡನ್‌ಗಳ ಶ್ರೀಲಂಕಾ ಮೂಲದ ತಮಿಳರಿಂದ ಎಲ್‌ಟಿಟಿಇ ಹೇಗೆ ಹಣ ಎತ್ತುತ್ತಿತ್ತು ಎಂಬುದೇ ವಿಷಯ. ಸಿನಿಮಾ ಮುಚ್ಚಿಟ್ಟ ಬಾಗಿಲನ್ನು ಈ ಒಣ ಬರವಣಿಗೆ ತೆರೆಯುತ್ತದೆ. ‘ಸೈನೈಡ್’ ಹೊಗಳಿದ ನಮ್ಮ ವಿಮರ್ಶಕರು ಇದನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರ ನೋಡಿದ್ದರೆ ‘ಸಾಕ್ಷ್ಯಚಿತ್ರದಂಥ ಪ್ರಾಮಾಣಿಕತೆ’ ಎಂಬ ಮಾತು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ವರದಿಯಲ್ಲಿ ಮತ್ತೆ ಮತ್ತೆ ಓದಬೇಕಾದ ಭಾಗ ಹಣ ಕೇಳುವ ರೀತಿಯದು. ಬರುವವರು ಬಂದೂಕು ಹಿಡಿದು ಬರುವುದಿಲ್ಲ. ಪರಿಚಯದವರೇ ಮನೆಗೆ ಬಂದು ಕೂರುತ್ತಾರೆ. ಒಂದು ಕುಟುಂಬಕ್ಕೆ 2,500ರಿಂದ 5,000 ಕೆನಡಾ ಡಾಲರ್, ಕೆಲವು ಅಂಗಡಿ-ವ್ಯಾಪಾರಸ್ಥರಿಗೆ ಒಂದು ಲಕ್ಷದವರೆಗೆ. ಇಲ್ಲವೆಂದರೆ ಸಾಲ ತೆಗೆದು ಕೊಡಿ, ಕಂತಿನಲ್ಲಿ ಕೊಡಿ. ಆಗಲೂ ಇಲ್ಲವೆಂದರೆ: ಊರಿಗೆ ಹೋಗಿ ನಿಮ್ಮವರನ್ನು ನೋಡುವುದು ಕಷ್ಟವಾದೀತು. ಎಲ್‌ಟಿಟಿಇ ಹಿಡಿತದಲ್ಲಿದ್ದ ಶ್ರೀಲಂಕಾದ ವನ್ನಿ ಪ್ರದೇಶಕ್ಕೆ ಹೋದವರ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು, ಪರದೇಶದಲ್ಲಿ ಕಳೆದ ದಿನಗಳಿಗೆ ದಿನಕ್ಕೊಂದು ಡಾಲರಿನ ಲೆಕ್ಕದಲ್ಲಿ ಬಾಕಿ ಕೇಳಿದ ವಿವರವೂ ಇದೆ. ಬೆದರಿಕೆಯೆಲ್ಲ ‘ಊರು’ ಎಂಬ ಒಂದೇ ಶಬ್ದದ ಮೇಲೆ ನಿಂತಿದೆ.

ಈ ಮಾತು ನಮ್ಮ ಕರಾವಳಿಯ ಹೆಜಮಾಡಿಯ ಓದುಗನಿಗೆ ಬೇಗ ತಾಗುತ್ತದೆ. ಮೇ ತಿಂಗಳಲ್ಲಿ ಮುಂಬೈಯಿಂದಲೋ ದುಬೈಯಿಂದಲೋ ಬಂದವನ ಜಗಲಿಗೆ ದೇವಸ್ಥಾನದ ಜೀರ್ಣೋದ್ಧಾರದ ರಶೀದಿ ಪುಸ್ತಕ ಬಂದೇ ಬರುತ್ತದೆ. ‘ಅಣ್ಣ, ನಿಮ್ಮ ಹೆಸರಲ್ಲಿ ಎಷ್ಟು ಬರೆಯಲಿ?’ ಎನ್ನುತ್ತಲೇ ಬಂದವರು ಹಿಂದಿನ ಹಾಳೆ ಮಗುಚುತ್ತಾರೆ, ಆಚೆಮನೆಯವರ ಅಂಕೆ ಕಾಣುವ ಹಾಗೆ. ಕೊಡುವವನು ಅರ್ಧ ಭಕ್ತಿಯಿಂದ, ಅರ್ಧ ಮರ್ಯಾದೆಗೆ ಕೊಡುತ್ತಾನೆ. ಇದು ವಂತಿಗೆ, ಹಫ್ತಾ ಅಲ್ಲ. ಇಲ್ಲವೆಂದರೂ ಅವನ ಅಮ್ಮನನ್ನು ನೋಡಲು ಯಾರೂ ತಡೆಯುವುದಿಲ್ಲ. ಆದರೆ ಎರಡೂ ಏರುವುದು ಅದೇ ಜಗಲಿಯನ್ನು, ಕರೆಯುವುದು ಅದೇ ‘ಅಣ್ಣ’ ಎಂದು. ಇವೆರಡರ ನಡುವಿನ ಗೆರೆಯನ್ನು ಎಲ್ಲಿ ದಾಟಲಾಯಿತು ಎಂಬುದನ್ನು ವರದಿ ಹಿಡಿದಷ್ಟು ಚೆನ್ನಾಗಿ ನಮ್ಮ ಯಾವ ಸಿನಿಮಾವೂ ಹಿಡಿದಿಲ್ಲ.

ವರದಿಗೂ ಕೊರತೆಯಿದೆ. ಶ್ರೀಲಂಕಾದ 1983ರ ಜುಲೈ ಗಲಭೆಯಲ್ಲಿ ಮನೆಮಠ ಸುಟ್ಟುಹೋಗಿ ಓಡಿದವರಲ್ಲಿ ಮನಸಾರೆ ಕೊಟ್ಟವರೂ ಇದ್ದರು. ಅದನ್ನು ಒಪ್ಪಿಕೊಂಡು ವರದಿ ಮುಂದೆ ಹೋಗಿಬಿಡುತ್ತದೆ, ಅವರ ಬೆನ್ನು ಹತ್ತುವುದಿಲ್ಲ. ಇರಲಿ.

ಜಗಳ ಇರುವುದು ಇನ್ನೊಂದು ಗುಂಪಿನ ಜೊತೆ. ಪರದೇಶದಿಂದ ಬಂದ ಹಣವೆಲ್ಲ ‘ಫಂಡಿಂಗ್’, ಗಲ್ಫ್‌ನಿಂದ ಬಂದದ್ದೆಲ್ಲ ‘ಹವಾಲಾ’ ಎಂದು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೂಗುವವರಿಗೆ ಇಂಥ ವರದಿ ಸಿಕ್ಕರೆ ದೊಣ್ಣೆ ಸಿಕ್ಕಂತೆ. ಮನಿಯಾರ್ಡರ್, ಬ್ಯಾಂಕ್ ಡ್ರಾಫ್ಟುಗಳ ಮೇಲೆ ಮನೆ ಕಟ್ಟಿ ಮಕ್ಕಳನ್ನು ಓದಿಸಿದ ಕರಾವಳಿಗೆ ಈ ಕೂಗು ಹೊಸದಲ್ಲ. ಹಾಗೆ ಕೂಗುವವರು ಸ್ವಿಟ್ಜರ್ಲೆಂಡಿನ ಮೊಕದ್ದಮೆಯನ್ನೂ ಓದಲಿ. ಎಲ್‌ಟಿಟಿಇಗೆ ಒಂದೂವರೆ ಕೋಟಿ ಫ್ರಾಂಕ್‌ಗಿಂತ ಹೆಚ್ಚು ಸಂಗ್ರಹಿಸಿದರೆಂದು ಹದಿಮೂರು ಮಂದಿಯ ಮೇಲೆ ಆರೋಪವಿತ್ತು. 2018ರಲ್ಲಿ ಬೆಲಿನ್‌ಜೋನಾದ ನ್ಯಾಯಾಲಯ ಅಪರಾಧಿ ಸಂಘಟನೆಗೆ ನೆರವಿತ್ತರೆಂಬ ಆರೋಪವನ್ನು ತಳ್ಳಿಹಾಕಿತು. ಐವರಿಗೆ ಶಿಕ್ಷೆಯಾದದ್ದು ಸುಳ್ಳು ಸಂಬಳ ಪತ್ರ ತೋರಿಸಿ ಸಾಲ ಎತ್ತಿದಂಥ ವಂಚನೆಗಳಿಗೆ. ನೆದರ್‌ಲೆಂಡ್ಸ್‌ನಲ್ಲಿ 2011ರಲ್ಲಿ ಇಂಥದೇ ಹಣಸಂಗ್ರಹಕ್ಕೆ ಐವರು ಜೈಲಿಗೆ ಹೋದರು. ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ, ಎಲ್‌ಟಿಟಿಇಯಂಥ ನಿಷೇಧಿತ ಗುಂಪಿಗೆ ಶಾಂತಿ ಮಾತುಕತೆಯ ತರಬೇತಿ ಕೊಡುವುದೂ ‘ನೆರವು’ ಎಂದೇ ಹೇಳಿತು. ಒಂದೇ ಸಂಘಟನೆ, ಮೂರು ದೇಶ, ಮೂರು ತೀರ್ಪು.

ವರದಿ ಬಂದ ಮರುತಿಂಗಳೇ ಕೆನಡಾ ಎಲ್‌ಟಿಟಿಇಯನ್ನು ನಿಷೇಧಿಸಿತು. ಚಿತ್ರದ ಮಟ್ಟಿಗೆ ಹೇಳುವುದಾದರೆ, ‘ಸೈನೈಡ್’ ಬಿಗಿಯಾದ ಥ್ರಿಲ್ಲರ್, ಅದಕ್ಕಿಂತ ಹೆಚ್ಚಲ್ಲ. ಆ ಕಾಲದ ಸತ್ಯ ಬೇಕಾದವರು ಆ ಒಣ ವರದಿಯನ್ನೇ ಹುಡುಕಿ ಓದಬೇಕು. ಚಿತ್ರವನ್ನು ಮತ್ತೊಮ್ಮೆ ನೋಡುವವರು ಕೋಣನಕುಂಟೆಯ ಆ ಮನೆಯ ಬಾಡಿಗೆ ಲೆಕ್ಕವನ್ನೂ ಒಮ್ಮೆ ಕೇಳಿನೋಡಲಿ.