ಬೆಂಕಿಗೆ ಕಾರಣ ಯಾರು?

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತರೆ ಸಾಕು, ಯಾರಾದರೂ ಬಂದು ಕಥೆ ಹೇಳುತ್ತಾರೆ. ನೀರಿನ ನಡುವಿನ ಮಂಟಪವನ್ನು ಕಟ್ಟಿಸಿದ ಪಾಳೆಯಗಾರನ ಕಥೆ, ಬಿಜಾಪುರದ ರಣದುಲ್ಲಾಖಾನನ ಕಥೆ, ಪಕ್ಕದ ಮುಸಾಫಿರಖಾನೆಯ ಕಥೆ. ಹೇಳುವ ಬಾಯಿ ಬದಲಾದಂತೆ ಕಟ್ಟಿದವರೂ ಕೆಡವಿದವರೂ ಬದಲಾಗುತ್ತಾರೆ. ಪುರಾವೆ ಏನು ಎಂದು ಕೇಳಿದರೆ ಮಾತ್ರ ಮುಖ ಸಣ್ಣದಾಗುತ್ತದೆ.

ಹಾಂಕಾಂಗಿನ ನಿರ್ದೇಶಕ ತ್ಸೂಯಿ ಹಾರ್ಕ್ 2010ರಲ್ಲಿ ತೆಗೆದ ‘ಡಿಟೆಕ್ಟಿವ್ ಡೀ’ ಸಿನಿಮಾ ನೋಡುವಾಗ ನನಗೆ ಆ ಮೆಟ್ಟಿಲುಗಳು ನೆನಪಾದವು. ಕಥೆ ನಡೆಯುವುದು ಕ್ರಿ.ಶ. 689ರಲ್ಲಿ. ವೂ ಜೆತಿಯಾನ್ ಎಂಬ ರಾಣಿ ಚೀನಾದ ಸಿಂಹಾಸನ ಏರಲಿದ್ದಾಳೆ. ಆ ದೇಶದ ಇತಿಹಾಸದಲ್ಲಿ ಚಕ್ರವರ್ತಿ ಎಂಬ ಬಿರುದು ಧರಿಸಿದ ಹೆಂಗಸು ಅವಳೊಬ್ಬಳೇ. ಪಟ್ಟಾಭಿಷೇಕಕ್ಕೆಂದು ಅರಮನೆಯೆದುರು ಆಕಾಶ ಮುಟ್ಟುವ ಬುದ್ಧನ ಪ್ರತಿಮೆ ಏಳುತ್ತಿರುವಾಗ ಅಧಿಕಾರಿಗಳು ಒಬ್ಬೊಬ್ಬರಾಗಿ ಹಾಡಹಗಲೇ ಉರಿದು ಬೂದಿಯಾಗುತ್ತಾರೆ. ಕಂಬಕ್ಕೆ ಕಟ್ಟಿದ್ದ ತಾಯಿತಗಳನ್ನು ಕದಲಿಸಿದ್ದಕ್ಕೆ ದೈವದ ಕೋಪ ಎಂದು ಕೆಲಸಗಾರರು ನಡುಗುತ್ತಾರೆ. ರಾಣಿಯನ್ನು ವಿರೋಧಿಸಿ ಎಂಟು ವರ್ಷ ಸೆರೆಯಲ್ಲಿದ್ದ ಡೀಯನ್ನೇ ಕರೆಸಿ ತನಿಖೆಗೆ ಹಚ್ಚಲಾಗುತ್ತದೆ.

ಡೀ ಕಲ್ಪನೆಯ ಮನುಷ್ಯನಲ್ಲ. 630ರಲ್ಲಿ ಹುಟ್ಟಿ 700ರಲ್ಲಿ ತೀರಿಕೊಂಡ ದಿ ರೆನ್‌ಜಿಯೇ ಎಂಬ ಮಂತ್ರಿ ಅವನು. ಅವನ ಹೆಸರಿನ ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಡಚ್ ರಾಯಭಾರಿ ರಾಬರ್ಟ್ ವಾನ್ ಗುಲಿಕ್ 1949ರಲ್ಲಿ ಇಂಗ್ಲಿಷಿಗೆ ತಂದ. ಮುಂದೆ ತಾನೇ ಹಲವು ಬರೆದ. ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಓದಿ ಬೆಳೆದ ಹೊನ್ನಾಳಿ, ಜಗಳೂರಿನ ಹಿರಿಯರಿಗೆ ಈ ಡೀ ಪರಕೀಯ ಅನ್ನಿಸಲಾರ.

ಸಿನಿಮಾದ ಶಕ್ತಿ ಇರುವುದು ಡೀ ಬೆಂಕಿಯನ್ನು ನೋಡುವ ರೀತಿಯಲ್ಲಿ. ಸತ್ತವನು ಏನು ಕುಡಿದ, ಬಿಸಿಲಿಗೆ ಯಾವಾಗ ಬಂದ, ಅವನ ಸಾವಿನಿಂದ ಯಾರಿಗೆ ಲಾಭ? ಕೊನೆಗೆ ಸಿಗುವುದು ಒಂದು ಜಾತಿಯ ಹುಳದ ವಿಷ. ಅದು ಹೊಟ್ಟೆ ಸೇರಿದವರ ಮೈಗೆ ಬಿಸಿಲು ತಾಕಿದರೆ ಒಳಗಿನಿಂದಲೇ ಕಿಚ್ಚು. ವಿಜ್ಞಾನಕ್ಕೆ ಇದು ಒಪ್ಪುವ ಮಾತಲ್ಲ, ನಿಜ. ಆದರೂ ಶಾಪದ ಜಾಗದಲ್ಲಿ ಕೈಗೆ ಸಿಗುವ ಕಾರಣವೊಂದನ್ನು ತಂದಿಟ್ಟದ್ದು ಸಣ್ಣ ಕೆಲಸವಲ್ಲ. ಮಾತಾಡುವ ಜಿಂಕೆಯ ಮೂಲಕ ಕೇಳಿಬರುವ ರಾಜಗುರುವಿನ ದೈವವಾಣಿಯ ಹಿಂದೆಯೂ ಅರಮನೆಯ ಕೈ ಇರುತ್ತದೆ. ಇಷ್ಟಾಗಿಯೂ ನಿರ್ದೇಶಕರಿಗೆ ಮಾಯಾಜಾಲದ ಮೋಹ ಬಿಟ್ಟಿಲ್ಲ. ಜಿಂಕೆಗಳ ಜೊತೆಗಿನ ಹೊಡೆದಾಟ ನನಗಂತೂ ಬೇಸರ ತರಿಸಿತು.

ಅದಕ್ಕಿಂತ ದೊಡ್ಡ ತಕರಾರು ಬೇರೆ. ಅಪರಾಧಿ ಶಾತುವೋ, ಪ್ರತಿಮೆ ಕಟ್ಟಿಸುವ ಮೇಸ್ತ್ರಿ, ಡೀಯ ಹಳೆಯ ಗೆಳೆಯ. ರಾಣಿಯ ವಿರುದ್ಧ ನಿಂತದ್ದಕ್ಕೆ ಸೆರೆವಾಸ ಅನುಭವಿಸಿ ಒಂದು ಕೈ ಕಳೆದುಕೊಂಡವನು. ಪ್ರತಿಮೆಯನ್ನೇ ಅವಳ ಮೇಲೆ ಬೀಳಿಸುವುದು ಅವನ ಸಂಚು. ಅವನ ಕೈ ಕಡಿಸಿದ ಆಡಳಿತದ ಅಪರಾಧವನ್ನು ಯಾರು ತನಿಖೆ ಮಾಡಬೇಕು? ಡೀ ಆ ಬಾಗಿಲವರೆಗೆ ಹೋಗಿ ನಿಲ್ಲುತ್ತಾನೆ. ಮುಂದೊಂದು ದಿನ ತಾಂಗ್ ವಂಶಕ್ಕೆ ಸಿಂಹಾಸನ ಮರಳಿಸು ಎಂದು ಕೇಳಿ ರಾಣಿಯನ್ನು ಬದುಕಿಸುತ್ತಾನೆ. ಇತಿಹಾಸದಲ್ಲಿ ಅದು ಮರಳಿದ್ದು 705ರಲ್ಲಿ, ಅವನು ಸತ್ತ ಮೇಲೆ. ಪ್ರತಿಮೆ ಉರುಳುವ ಭರದಲ್ಲಿ ಅದನ್ನು ಹೊತ್ತು ನಿಲ್ಲಿಸಿದ ಕೂಲಿಕಾರರು ಏನಾದರು ಎಂದು ಕ್ಯಾಮೆರಾ ಹೊರಳಿಯೂ ನೋಡುವುದಿಲ್ಲ. ಸಂತೇಬೆನ್ನೂರಿನ ಕಥೆಗಳಲ್ಲೂ ನಾಯಕನಿದ್ದಾನೆ, ಖಾನನಿದ್ದಾನೆ, ಹೊಂಡ ತೋಡಿದವರ ಹೆಸರಿಲ್ಲ.

ಕೊನೆಗೆ ಅದೇ ವಿಷ ಡೀಯ ಮೈ ಸೇರಿರುತ್ತದೆ. ಬಿಸಿಲಿಗೆ ಬಂದರೆ ಸಾವು. ಸತ್ಯ ಹುಡುಕಿದವನು ನೆಲದಡಿಯ ಕತ್ತಲ ಸಂತೆಗೆ ಇಳಿದುಹೋಗುತ್ತಾನೆ. ಮೇಲೆ ಬೆಳಕಿನಲ್ಲಿ ಪಟ್ಟಾಭಿಷೇಕ ನಡೆಯುತ್ತದೆ.