ಫ್ರೇಮ್ ಲೆಕ್ಕ, ಊರಿನ ಲೆಕ್ಕ

ಗ್ರಾಫಿಕ್ಸ್ ಕಾರ್ಡ್ ವಿಮರ್ಶೆಗೂ ಈಗ ಒಂದು ವ್ಯಾಕರಣ ಬಂದುಬಿಟ್ಟಿದೆ. ಮೊದಲು ಡಬ್ಬಿ ಬಿಚ್ಚೋದು. ಆಮೇಲೆ ಫ್ಯಾನ್ ಎಷ್ಟು, ಉದ್ದ ಎಷ್ಟು ಅಂತ ಅಳೆಯೋದು. ನಂತರ ಹತ್ತು-ಹದಿನೈದು ಗೇಮ್‌ಗಳು, ಪ್ರತಿಯೊಂದಕ್ಕೂ ಬಣ್ಣಬಣ್ಣದ ಪಟ್ಟಿಗಳು, ಸೆಕೆಂಡಿಗೆ ಎಷ್ಟು ಫ್ರೇಮ್ ಬಂತು ಅನ್ನೋ ಲೆಕ್ಕ. ಕೊನೆಗೆ ತೀರ್ಪು: ತಗೊಳ್ಳಿ, ಬೇಡ, ಇಲ್ಲಾ ಬೆಲೆ ಇಳಿಯೋವರೆಗೆ ಕಾಯಿರಿ. ನಾನು ಈ ಪ್ರಕಾರದ ಹಳೇ ಗಿರಾಕಿ. ಬೆಂಗಳೂರಲ್ಲಿ ಆಫೀಸ್ ಮುಗಿಸಿ ಬಂದು ಊಟ ಮಾಡ್ತಾ ನೋಡೋದು ಇದನ್ನೇ. ಹಾಗಾಗಿ ಈ ಲೇಖನವನ್ನು ಅಭಿಮಾನಿಯೊಬ್ಬನ ತಕರಾರು ಅಂತ ಓದಿಕೊಳ್ಳಿ.

ತಕರಾರು ಸರಳ. ವಿಮರ್ಶೆ ಅಳೆಯೋದು ಕಾರ್ಡನ್ನು. ದುಡ್ಡು ಕೊಡುವವನಿಗೆ ಬೇಕಾಗಿರೋದು ಮನೆಯಲ್ಲಿರೋ ಕಂಪ್ಯೂಟರು ಆ ಕಾರ್ಡಿನಿಂದ ಎಷ್ಟು ಬದಲಾಗುತ್ತೆ ಅನ್ನೋ ಲೆಕ್ಕ. ಇವೆರಡರ ನಡುವಿನ ಅಂತರ ಬೆಂಗಳೂರಲ್ಲಿ ಅಷ್ಟಾಗಿ ಕಾಣಲ್ಲ. ಕಲಬುರಗಿ ಜಿಲ್ಲೆಯ ತಾಲ್ಲೂಕುಗಳಿಗೆ ಹೋದರೆ ಕಣ್ಣಿಗೆ ಹೊಡೆಯುತ್ತೆ.

ಸಾಫ್ಟ್‌ವೇರ್ ಕೆಲಸದಲ್ಲಿದ್ದೀವಿ ಅಂದರೆ ಊರಿನವರ ಪಾಲಿಗೆ ನಾವು ಪ್ರಿಂಟರ್‌ನಿಂದ ಹಿಡಿದು ವೈಫೈವರೆಗೆ ಸಕಲ ರೋಗಕ್ಕೂ ಡಾಕ್ಟರು. ನಿಮಗೂ ಗೊತ್ತಿರುತ್ತೆ ಬಿಡಿ. ಕಳೆದ ಬೇಸಿಗೆಯಲ್ಲಿ ಒಂದೇ ತಿಂಗಳಲ್ಲಿ ಮೂರು ಕಡೆಯಿಂದ ನನಗೆ ಫೋನ್ ಬಂತು. ಆಳಂದದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ, ಅಫಜಲಪುರದ ಕಾಕಾನ ಮಗ, ಜೇವರ್ಗಿಯ ಅಕ್ಕನ ಮಗ. ಮೂವರದೂ ಒಂದೇ ಪ್ರಶ್ನೆ: ಗೇಮ್ ಆಡೋದಕ್ಕೆ ಯಾವ ಕಾರ್ಡ್? ಪ್ರಶ್ನೆ ಅನ್ನೋದು ನೆಪ ಮಾತ್ರ. ಮೂವರೂ ವಿಡಿಯೋ ನೋಡಿ ಕಾರ್ಡ್ ಗೊತ್ತುಮಾಡಿಕೊಂಡಿದ್ದರು. ನನ್ನಿಂದ ಬೇಕಾಗಿದ್ದದ್ದು ಒಂದು 'ಹೂಂ'.

ಮೊದಲು ಆಳಂದ. "ದೋಸ್ತ, ಹನ್ನೆರಡು ಜಿಬಿ ಅದ, ರೇಟ್ ಬಿ ಕಮ್ಮಿ ಅದ. ಎಲ್ಲಾರೂ ಚೊಲೋ ಅದ ಅಂತಾರ." ಅವನ ಕಣ್ಣು ಬಿದ್ದಿದ್ದು ಇಂಟೆಲ್‌ನ ಆರ್ಕ್ ಬಿ580 ಮೇಲೆ. 2024ರ ಡಿಸೆಂಬರ್‌ನಲ್ಲಿ 249 ಡಾಲರ್ ಬೆಲೆಗೆ ಬಂದ ಕಾರ್ಡ್ ಇದು. (ಅಮೆರಿಕದವರು ಹೇಳೋ ಬೆಲೆಯಲ್ಲಿ ತೆರಿಗೆ ಇರಲ್ಲ, ನಮ್ಮಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ ಅನ್ನೋದು ಬೇರೆ ಮಾತು.) ಬಂದ ವಾರವೇ ಎಲ್ಲ ಕಡೆ ಹೊಗಳಿಕೆ. ಬಹಳ ದಿನಗಳ ನಂತರ ಬಡವರ ಕಡೆ ನೋಡಿದ ಕಾರ್ಡ್ ಅಂತ.

ಈಗ ಆ ಪರೀಕ್ಷೆ ಹೇಗೆ ನಡೀತು ನೋಡಿ. ಕಾರ್ಡ್ ಪರೀಕ್ಷಿಸುವವರು ಸಿಗೋದರಲ್ಲೇ ವೇಗದ ಪ್ರೊಸೆಸರ್ ಹಾಕ್ತಾರೆ. ಆಗ ಹೆಚ್ಚಿನವರ ಬಳಿ ಇದ್ದದ್ದು ರೈಜನ್ 7 9800 ಎಕ್ಸ್3ಡಿ. ಇದಕ್ಕೆ ಕಾರಣ ಇದೆ. ಪ್ರೊಸೆಸರ್ ಕುಂಟಿದರೆ ಎಲ್ಲ ಕಾರ್ಡ್‌ಗಳೂ ಒಂದೇ ಥರ ಕುಂಟುತ್ತವೆ, ಯಾವುದು ಮೇಲು ಅಂತ ಗೊತ್ತಾಗಲ್ಲ. ಕಾರ್ಡಿಗೆ ಕಾರ್ಡ್ ಹೋಲಿಸೋದಕ್ಕೆ ಈ ವಿಧಾನ ಸರಿ. ಆದರೆ ಬಿ580 ಕೊಳ್ಳಲು ಹೊರಟಿದ್ದವರ ಮನೆಯಲ್ಲಿ ಅಂಥ ಪ್ರೊಸೆಸರ್ ಇರಲಿಲ್ಲ. 2025ರ ಜನವರಿಯಲ್ಲಿ ಹಾರ್ಡ್‌ವೇರ್ ಕನಕ್ಸ್, ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಚಾನೆಲ್‌ನವರು ಅದೇ ಕಾರ್ಡನ್ನು ಹಳೇ, ಅಗ್ಗದ ಪ್ರೊಸೆಸರ್‌ಗಳ ಜೊತೆ ಹಾಕಿ ನೋಡಿದರು. ಕೆಲವು ಗೇಮ್‌ಗಳಲ್ಲಿ ವೇಗ ದಢಕ್ಕನೆ ಬಿತ್ತು. ಇಂಟೆಲ್ ಡ್ರೈವರ್ ಪ್ರೊಸೆಸರ್ ಮೇಲೆ ಹಾಕುವ ಹೊರೆಯೇ ಹೆಚ್ಚಿತ್ತು. ಜೊತೆಗೆ ರಿಸೈಸಬಲ್ ಬಾರ್ ಅನ್ನೋ ಸೌಲಭ್ಯ ಮದರ್‌ಬೋರ್ಡಿನಲ್ಲಿ ಇರಲೇಬೇಕು, ಹತ್ತನೇ ಪೀಳಿಗೆಯ ಇಂಟೆಲ್‌ನಿಂದ ಮೇಲಿನದಿರಲಿ ಅಂತ ಕಂಪನಿಯೇ ಹೇಳಿತ್ತು.

ನನ್ನ ಗೆಳೆಯನದು ಐ5 8400, ಎಂಟನೇ ಪೀಳಿಗೆ. ಹೊಗಳಿದವರು ಯಾರೂ ಸುಳ್ಳು ಹೇಳಿರಲಿಲ್ಲ. ಅವರ ತೀರ್ಪಿನಲ್ಲಿ ಅವನ ಕಂಪ್ಯೂಟರಿಗೆ ಜಾಗ ಇರಲಿಲ್ಲ, ಅಷ್ಟೇ. ಅಗ್ಗದ ಕಾರ್ಡನ್ನು ದುಬಾರಿ ಯಂತ್ರದಲ್ಲಿ ಕೂರಿಸಿ, ಅಗ್ಗದ ಯಂತ್ರದವನಿಗೆ 'ತಗೋ' ಅಂದರು. ಈ ಪ್ರಕಾರದ ದೊಡ್ಡ ದೋಷ ಇದು ಅಂತ ನನ್ನ ವಾದ. ಸರಿಪಡಿಸಿದವರೂ ಅದೇ ಪ್ರಕಾರದವರು ಅನ್ನೋದು ಅವರ ಹಿರಿಮೆ. ಆದರೆ ಮೊದಲ ತೀರ್ಪಿನ ವಿಡಿಯೋ ಊರಿಗೆ ಮುಟ್ಟಿದಷ್ಟು ಬೇಗ ತಿದ್ದುಪಡಿ ಮುಟ್ಟಲ್ಲ.

ಇನ್ನೊಂದು ಮಾತು ಎಸ್‌ಎಂಪಿಎಸ್‌ದು. ವಿಮರ್ಶಕರ ಮೇಜಿನ ಮೇಲೆ ಸಾವಿರ ವ್ಯಾಟ್‌ನ ಒಳ್ಳೇ ಕಂಪನಿಯದಿರುತ್ತೆ, ಅದರ ಹೆಸರನ್ನೂ ಅವರು ಎತ್ತಲ್ಲ. ಗೆಳೆಯನ ಕ್ಯಾಬಿನೆಟ್‌ನಲ್ಲಿ ಇದ್ದದ್ದರ ಮೇಲೆ 500 ವ್ಯಾಟ್ ಅಂತ ದಪ್ಪಕ್ಷರದ ಸ್ಟಿಕರ್. ಪಕ್ಕದ ಸಣ್ಣ ಅಕ್ಷರದಲ್ಲಿ 12 ವೋಲ್ಟ್‌ಗೆ 18 ಆಂಪ್ಸ್. ಗುಣಿಸಿದರೆ 216 ವ್ಯಾಟ್. ಕಾರ್ಡಿಗೂ ಪ್ರೊಸೆಸರಿಗೂ ಸೇರಿ ಸಿಗೋದು ಅಷ್ಟೇ. ಬಿ580 ಒಂದೇ 190 ವ್ಯಾಟ್ ಕೇಳುತ್ತೆ, ಪ್ರೊಸೆಸರ್ 65. ಅಲ್ಲಿಗೆ ಲೆಕ್ಕ ಮುಗೀತು. ಅವನಿಗೆ ಬೆಳಿಗ್ಗೆ ಮದುವೆ ವಿಡಿಯೋ ಎಡಿಟಿಂಗ್, ರಾತ್ರಿ ಗೇಮ್. ಕೊನೆಗೆ ನಾನು ಹೇಳಿದ್ದು 2021ರ ಆರ್‌ಟಿಎಕ್ಸ್ 3060, ಅದಕ್ಕೂ ಹನ್ನೆರಡು ಜಿಬಿ ಇದೆ; ಜೊತೆಗೆ ಹೊಸ ಎಸ್‌ಎಂಪಿಎಸ್ ಕಡ್ಡಾಯ. "ಕಾರ್ಡ್ ಕೇಳಿದ್ರ ಎಸ್‌ಎಂಪಿಎಸ್ ಮಾರ್ಲಿಕ್ಕ ಬಂದಿ ನೋಡು" ಅಂತ ನಕ್ಕ. ತಗೊಂಡ.

ಅಫಜಲಪುರದ್ದು ಇನ್ನೂ ಬೇರೆ ಕಥೆ. ಕಾಕಾನ ಮಗ ಕೊಂಡಿದ್ದು ಕಂಪನಿಗಳು ಉಪಯೋಗಿಸಿ ಮಾರಿದ, ಅಂಗಡಿಯವರು ಒರೆಸಿ ಹೊಸದು ಮಾಡಿಕೊಟ್ಟ ಆಫೀಸ್ ಡೆಸ್ಕ್‌ಟಾಪ್. ತಾಲ್ಲೂಕು ಊರುಗಳ ಕಂಪ್ಯೂಟರ್ ಕ್ಲಾಸು, ಝೆರಾಕ್ಸ್ ಅಂಗಡಿ, ವಿದ್ಯಾರ್ಥಿಗಳ ಮನೆ ಎಲ್ಲ ಕಡೆ ನಾನು ನೋಡಿರೋದು ಇವನ್ನೇ. ಕೂಡಿಟ್ಟ ದುಡ್ಡಿಗೆ ಒಳ್ಳೇ ಪ್ರೊಸೆಸರ್ ಸಿಗುತ್ತೆ, ಗಟ್ಟಿ ಇರುತ್ತವೆ. ಆದರೆ ಕ್ಯಾಬಿನೆಟ್ ಪುಸ್ತಕದ ಹಾಗೆ ತೆಳು. ಒಳಗಿನ ಎಸ್‌ಎಂಪಿಎಸ್ 180 ಅಥವಾ 200 ವ್ಯಾಟ್, ಅದರ ಆಕಾರವೂ ಪ್ಲಗ್ಗೂ ಹಲವುದರಲ್ಲಿ ಆ ಕಂಪನಿಯದೇ. ಬದಲಾಯಿಸೋಣ ಅಂದರೆ ಮಾರ್ಕೆಟ್ಟಿನ ಎಸ್‌ಎಂಪಿಎಸ್ ಕೂರಲ್ಲ.

"ಅಣ್ಣಾ, 4060 ಹಾಕಿದ್ರ ಸಾಕಲ್ಲ?" ಅಂದ. ಸಾಕು, ಆದರೆ ಹಾಕೋದೆಲ್ಲಿ? ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್ ಬೇಕು. ಮದರ್‌ಬೋರ್ಡಿನ ಸ್ಲಾಟ್ ಕೊಡೋದು ಹೆಚ್ಚೆಂದರೆ 75. ಉಳಿದದ್ದಕ್ಕೆ ಪ್ರತ್ಯೇಕ ವೈರ್ ಬೇಕು, ಅವನ ಪೆಟ್ಟಿಗೆಯಲ್ಲಿ ಆ ವೈರೇ ಇಲ್ಲ. ಅಲ್ಲಿ ಕೂರೋದು 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ, ಅದರಲ್ಲೂ ಗಿಡ್ಡ ಮಾದರಿ. 70 ವ್ಯಾಟ್, ಬಹುತೇಕ ಮಾದರಿಗಳಿಗೆ ವೈರಿನ ಹಂಗಿಲ್ಲ.

ವಿಮರ್ಶೆಗಳಲ್ಲಿ ಈ ಕಾರ್ಡಿಗೆ ಬಿದ್ದಷ್ಟು ಬೈಗುಳ ಕಡಿಮೆ ಏನಲ್ಲ. 2022ರ 8 ಜಿಬಿ 3050ರ ಹೆಸರನ್ನೇ ಇಟ್ಟು ಶಕ್ತಿ ಕಡಿಮೆ ಮಾಡಿ ಮಾರ್ತಾರೆ ಅಂತ. ಆ ಬೈಗುಳ ನ್ಯಾಯವಾದದ್ದೇ; ಹೆಸರು ನೋಡಿ ಕೊಳ್ಳುವವನಿಗೆ ಅದು ಮೋಸ. ಆದರೆ ಪಟ್ಟಿಯ ತಳದಲ್ಲಿ ಬಿದ್ದಿರೋ ಆ ಕಾರ್ಡೇ ಅಫಜಲಪುರದ ಆ ಪೆಟ್ಟಿಗೆಗೆ ಹಿಡಿಸುವವುಗಳಲ್ಲಿ ಒಳ್ಳೇದು. 4060 ಅದಕ್ಕಿಂತ ಎಷ್ಟು ಮುಂದಿದೆ ಅನ್ನೋ ಪಟ್ಟಿ ಅವನಿಗೆ ಉಪಯೋಗವಿಲ್ಲ. ಬೇಕಾದ ಹೋಲಿಕೆ ಈಗಿರುವ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೂ ಈ ಕಾರ್ಡಿಗೂ. ಆ ಎರಡು ಪಟ್ಟಿ ಅಕ್ಕಪಕ್ಕ ಇಟ್ಟ ವಿಮರ್ಶೆ ಹುಡುಕಿದರೆ ನನಗೆ ಸಿಗಲಿಲ್ಲ.

ಜೇವರ್ಗಿಯ ಹುಡುಗ ಮೂವರಲ್ಲಿ ಚೂಟಿ. ಅವನ ಯಂತ್ರ ಚೆನ್ನಾಗಿದೆ: ರೈಜನ್ 5 5600, ಜಿಟಿಎಕ್ಸ್ 1650. "ಮಾಮಾ, ನಂದು ಕಾರ್ಡ್ ಭಾಳ ಹಳೇದಾಗ್ಯದ. 5060 ತೊಗೋಬೇಕಂತ ಮಾಡೀನಿ. ಅಪ್ಪಾಗ ನೀ ಒಂದ್ ಮಾತ್ ಹೇಳು." ಅಪ್ಪ ಅಂದರೆ ನನ್ನ ಭಾವ, ತೊಗರಿ ಬೆಳೆಯುವವರು. ಆ ದರ್ಜೆಯ ಕಾರ್ಡ್ ಆಗ ಮೂವತ್ತು ಸಾವಿರದ ಆಸುಪಾಸು ಇತ್ತು. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ತೊಗರಿಗೆ 8,000 ರೂಪಾಯಿ. ಹತ್ತಿರ ಹತ್ತಿರ ನಾಲ್ಕು ಕ್ವಿಂಟಲ್. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂತು ಅಂತ ನಾವು ಹೆಮ್ಮೆಪಡ್ತೀವಿ. ಆ ನಾಲ್ಕು ಕ್ವಿಂಟಲ್ ಬೆಳೆಯೋ ಕಷ್ಟ ಭಾವನಿಗೆ ಗೊತ್ತು.

ಏನು ಆಡ್ತಿ ಅಂತ ಕೇಳಿದೆ. ವ್ಯಾಲರಂಟ್, ಜಿಟಿಎ 5. ಮಾನಿಟರ್ ಎಷ್ಟು ಹರ್ಟ್ಸ್? 60. ಅಂದರೆ ಸೆಕೆಂಡಿಗೆ ಅರವತ್ತು ಚಿತ್ರಕ್ಕಿಂತ ಹೆಚ್ಚು ಅದು ತೋರಿಸಲ್ಲ. ವ್ಯಾಲರಂಟ್‌ಗೆ ಅವನ 1650 ಈಗಲೇ ನೂರು ದಾಟಿಸುತ್ತೆ. ಮುನ್ನೂರು ಫ್ರೇಮ್ ಕೊಡೋ ಕಾರ್ಡ್ ಹಾಕಿದರೂ ಕಣ್ಣಿಗೆ ಬೀಳೋದು ಅರವತ್ತೇ. ನಾಲ್ಕು ಕ್ವಿಂಟಲ್ ತೊಗರಿ ಕಾಣದ ಫ್ರೇಮ್‌ಗಳಿಗೆ ಹೋಗುತ್ತಿತ್ತು.

ಇನ್ನು ಬಿಸಿಲು. ಅವನ ಕೋಣೆಗೆ ಮಾಳಿಗೆ ಶಹಾಬಾದ್ ಫರಸಿ. ಹಗಲೆಲ್ಲ ಕುಡಿದ ಕಾವನ್ನು ಆ ಕಲ್ಲು ರಾತ್ರಿ ಕೋಣೆಯೊಳಗೆ ಬಿಡುತ್ತೆ. ಹುಡುಗ ಗೇಮ್ ಆಡೋದೂ ರಾತ್ರಿಯೇ. ವಿಮರ್ಶೆಗಳಲ್ಲಿ ಕಾರ್ಡ್ 68 ಡಿಗ್ರಿಯಲ್ಲಿ ತಣ್ಣಗಿದೆ ಅಂತಾರೆ, ಕೋಣೆ 22 ಡಿಗ್ರಿ. ಕಾರ್ಡಿನ ಬಿಸಿ ಕೋಣೆಯ ಬಿಸಿಯ ಮೇಲೆ ಕೂತ್ಕೊಳ್ಳುತ್ತೆ. ಫ್ಯಾನ್ ವೇಗ ಅಷ್ಟೇ ಇದ್ದರೆ 40 ಡಿಗ್ರಿಯ ಕೋಣೆಯಲ್ಲಿ ಅದೇ ಕಾರ್ಡ್ 86ರ ಹತ್ತಿರ ಹೋಗುತ್ತೆ. ಎನ್ವಿಡಿಯಾದ ಅನೇಕ ಕಾರ್ಡ್‌ಗಳು 83ರ ಸುಮಾರಿಗೇ ವೇಗ ತಗ್ಗಿಸಿಕೊಳ್ಳುತ್ತವೆ, ಇಲ್ಲಾ ಫ್ಯಾನ್ ಹಿಟ್ಟಿನ ಗಿರಣಿ ಥರ ಕೂಗೋಕೆ ಶುರುಮಾಡುತ್ತೆ. ಅದಕ್ಕೆ ಎರೆ ಭೂಮಿಯ ಧೂಳು ಸೇರಿಸಿ. ಮನೆ ಮುಂದೆ ಟ್ರ್ಯಾಕ್ಟರ್ ಹೋದಾಗೆಲ್ಲ ಒಂದು ಪದರ.

ಕಂಪನಿಗಳ ಮಾತಂತೂ ಕೇಳಲೇಬೇಡಿ. 2025ರ ಜನವರಿಯಲ್ಲಿ ಎನ್ವಿಡಿಯಾದ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ನಿಂತು 549 ಡಾಲರ್‌ನ 5070 ಕಾರ್ಡು 4090ರಷ್ಟು ವೇಗ ಅಂದರು. ಗೇಮ್ ತಯಾರಿಸಿದ ಫ್ರೇಮ್‌ಗಳ ನಡುವೆ ಕಾರ್ಡೇ ಊಹಿಸಿ ಸೇರಿಸುವ ಫ್ರೇಮ್‌ಗಳನ್ನೂ ಎಣಿಸಿದರೆ ಮಾತ್ರ ಆ ಲೆಕ್ಕ. ಮೂಲದಲ್ಲಿ ಮೂವತ್ತೇ ಫ್ರೇಮ್ ಇದ್ದು ಪರದೆ ಮೇಲೆ ನೂರು ತೋರಿಸಿದರೂ, ಬಟನ್ ಒತ್ತಿದಾಗ ಕೈಗೆ ಸಿಗೋದು ಮೂವತ್ತರ ಜಡತೆಯೇ. ಅದೇ ಮೇ ತಿಂಗಳಲ್ಲಿ 5060 ಮಾರಾಟಕ್ಕೆ ಬಂದಾಗ, ಸ್ವತಂತ್ರ ವಿಮರ್ಶಕರಿಗೆ ಮುಂಚಿತವಾಗಿ ಡ್ರೈವರ್ ಕೊಟ್ಟಿರಲಿಲ್ಲ. ಮೊದಲ ದಿನ ಕೊಂಡವರು ವಿಮರ್ಶೆ ಓದದೇ ಕೊಂಡರು. ಇಂಥ ಕಡೆ ಗೇಮರ್ಸ್ ನೆಕ್ಸಸ್‌ನಂಥವರು ದನಿ ಎತ್ತಿದ್ದು ನಮ್ಮೆಲ್ಲರ ಪರವಾಗಿಯೇ. ವಿಮರ್ಶೆ ಬೇಡ ಅಂತ ನಾನು ಹೇಳ್ತಿಲ್ಲ. ಅದಿಲ್ಲದಿದ್ದರೆ ಉಳಿಯೋದು ಕಂಪನಿಯ ಪೋಸ್ಟರ್ ಮಾತ್ರ.

ನನ್ನ ಸಿಟ್ಟು ಇರೋದು ಕನ್ನಡದ ವಿಮರ್ಶೆ ಮೇಲೆ. ನಾನು ನೋಡಿದ ಕನ್ನಡದ ವಿಡಿಯೋಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಪಟ್ಟಿಯನ್ನೇ ಎತ್ತಿಕೊಂಡು 'ನೋಡಿ ಸ್ನೇಹಿತರೇ' ಅಂತ ಸೇರಿಸಿದಂಥವು. ಎ.ಸಿ. ಕೋಣೆ, ದುಬಾರಿ ಪ್ರೊಸೆಸರ್, ದೊಡ್ಡ ಮಾನಿಟರ್ ಎಲ್ಲವೂ ಪಟ್ಟಿಯ ಜೊತೆ ಬಂದುಬಿಡ್ತವೆ. 4ಕೆಯಲ್ಲಿ ಸೈಬರ್‌ಪಂಕ್ 2077 ಎಷ್ಟು ಓಡುತ್ತೆ ಅನ್ನೋದನ್ನು ಹೇಳೋಕೆ ಲೋಕದ ತುಂಬ ಜನ ಇದ್ದಾರೆ. ಹಳೇ ಆಫೀಸ್ ಡೆಸ್ಕ್‌ಟಾಪ್‌ನಲ್ಲಿ, ಏಪ್ರಿಲ್ ತಿಂಗಳಲ್ಲಿ, ಫ್ಯಾನ್ ಗಾಳಿಯಲ್ಲಿ, 600 ವಿಎ ಯುಪಿಎಸ್ ಮೇಲೆ ಒಂದು ಕಾರ್ಡ್ ಹೇಗೆ ನಡೆದುಕೊಳ್ಳುತ್ತೆ ಅಂತ ಹೇಳಬಲ್ಲವರು ನಾವೇ. ಕರೆಂಟ್ ಹೋದಾಗ ಆ ಯುಪಿಎಸ್ ಗೇಮ್ ಮಧ್ಯೆ ಹೊರೆ ತಡೆಯುತ್ತಾ ಅನ್ನೋದು ಒಂದು ನಿಮಿಷದ ಪರೀಕ್ಷೆ. ಕೆಟ್ಟರೆ ಕಳಿಸೋದು ಎಲ್ಲಿಗೆ ಅನ್ನೋದೂ ಅಂಕ ಕೊಡಬೇಕಾದ ವಿಷಯ. ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ಅಲ್ಲಿ ಆಗದಿದ್ದರೆ ಹೈದರಾಬಾದ್ ಅಥವಾ ಬೆಂಗಳೂರು, ಆಳಂದದವನಾದರೆ ಸೊಲ್ಲಾಪುರ. ಕಾರ್ಡ್ ವಾಪಸ್ ಬರೋವರೆಗೆ ನನ್ನ ಗೆಳೆಯನ ಮದುವೆ ವಿಡಿಯೋಗಳು ಕಾಯಲ್ಲ.

ಇಂಥ ವಿಮರ್ಶೆಗೆ ದೊಡ್ಡ ಲ್ಯಾಬ್ ಬೇಕಿಲ್ಲ. ಒಂದು ಥರ್ಮಾಮೀಟರ್, ಗೋಡೆಯ ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್, ಒಂದು ಹಳೇ ಕಂಪ್ಯೂಟರ್ ಇದ್ದರೆ ಸಾಕು. ಈ ಪುಸ್ತಕ ಓದ್ತಿರೋ ನಿಮ್ಮಲ್ಲೇ ಅನೇಕರ ಹತ್ತಿರ ಮೂರೂ ಇವೆ.

ಅಕ್ಕನ ಮಗನಿಗೆ ಕಾರ್ಡ್ ಬೇಡ ಅಂದೆ. ರೇ ಟ್ರೇಸಿಂಗ್ ಇಲ್ಲದೆ ಶುರುವೇ ಆಗದ ಡೂಮ್: ದಿ ಡಾರ್ಕ್ ಏಜಸ್‌ನಂಥ ಗೇಮ್ ಆಡ್ತೀನಿ ಅಂದ ದಿನ ಮತ್ತೆ ಮಾತಾಡೋಣ, ಆಗ 1650 ನಿಜಕ್ಕೂ ಸಾಲಲ್ಲ. ಸದ್ಯಕ್ಕೆ 144 ಹರ್ಟ್ಸ್ ಮಾನಿಟರ್, ಕ್ಯಾಬಿನೆಟ್‌ಗೆ ಎರಡು ಫ್ಯಾನ್. ಎರಡು ದಿನ ಮುಖ ಊದಿಸಿಕೊಂಡಿದ್ದ. ಮಾನಿಟರ್ ಬಂದ ರಾತ್ರಿ ಮೆಸೇಜ್ ಬಂತು: "ಖರೆ ಅದ ಮಾಮಾ, ಫರಕ್ ಕಾಣ್ತದ."

ನಿಮಗೂ ಊರಿನಿಂದ ಇಂಥ ಫೋನ್ ಬರುತ್ತೆ. ಕಾರ್ಡಿನ ಹೆಸರು ಹೇಳುವ ಮೊದಲು, ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಸ್ಟಿಕರಿನ ಫೋಟೋ ಕಳಿಸು ಅನ್ನಿ. ಜೊತೆಗೆ ಮಾನಿಟರ್ ಎಷ್ಟು ಹರ್ಟ್ಸ್, ಮಾಳಿಗೆ ಯಾವುದು ಅಂತಲೂ ಕೇಳಿ.