ಹಳೆಯ ಬಡಾವಣೆಗಳು ಮತ್ತು ಗ್ರಾಮಸ್ವಾವಲಂಬನೆ: ಒಂದು ವಿಮರ್ಶೆ

ಸ್ವಾವಲಂಬಿ ಗ್ರಾಮಗಳನ್ನು ವಾಸ್ತುಯೋಜನೆಯಿಂದ ಕಟ್ಟಬಹುದೆಂಬ ವಾದ ಬಂದಾಗ ನಮ್ಮ ನಗರದ ಹಳೆಯ ಬಡಾವಣೆಗಳನ್ನು ಮಾದರಿಯಾಗಿ ಎತ್ತಿ ತೋರಿಸುವುದುಂಟು. ಗುಡಿ, ಪೇಟೆ, ಕೆರೆ, ಶಾಲೆ ಎಲ್ಲವೂ ಕಾಲ್ನಡಿಗೆಯ ಅಳವಿನಲ್ಲಿರುವುದರಿಂದ ಅವು ನಗರದೊಳಗಿನ ಗ್ರಾಮಗಳೇ ಎಂಬುದು ಆ ವಾದದ ತಿರುಳು. ಇದನ್ನು ನಾವು ಒಪ್ಪಲಾರೆವು.

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ತರುವಾಯ ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರು ಮಲ್ಲೇಶ್ವರ, ಬಸವನಗುಡಿಗಳಿಗೆ ಬಂದು ನೆಲಸಿದರು. ನೇರವಾದ ರಸ್ತೆಗಳೂ ಗಾಳಿಬೆಳಕುಗಳಿಗೆ ಎಡೆಯುಳ್ಳ ನಿವೇಶನಗಳೂ ಶ್ಲಾಘ್ಯವಾದುವೇ ಸರಿ. ಆದರೆ ಆರೋಗ್ಯ ಬೇರೆ, ಸ್ವಾವಲಂಬನೆ ಬೇರೆ.

ಕಾಡುಮಲ್ಲೇಶ್ವರ ದೇವಾಲಯದ 1669ರ ಶಾಸನವನ್ನು ಗಮನಿಸಬೇಕು. ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಏಕೋಜಿಯು ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟನೆಂದು ಅದು ತಿಳಿಸುತ್ತದೆ. ಗುಡಿಯ ದೀಪನೈವೇದ್ಯಗಳು ಹತ್ತಿರದ ನೆಲದ ಬೆಳೆಯಿಂದಲೇ ನಡೆಯಬೇಕೆಂಬುದು ಇಂತಹ ದತ್ತಿಗಳ ಅರ್ಥ. ಬಡಾವಣೆಯ ನಕ್ಷೆ ಬರೆದವರು ಗುಡಿಯನ್ನು ಉಳಿಸಿಕೊಂಡರು. ಸುತ್ತಲ ಹೊಲಗಳು ನಿವೇಶನಗಳಾದುವು. ಬಸವನಗುಡಿಯಲ್ಲಿ ನಡೆದದ್ದೂ ಇದೇ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ರೈತರು ಮೊದಲ ಫಸಲನ್ನು ಬಸವನಿಗೆ ಒಪ್ಪಿಸುತ್ತಿದ್ದರೆಂಬುದು ಕಡಲೆಕಾಯಿ ಪರಿಷೆಯ ಐತಿಹ್ಯ. ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಇಂದಿಗೂ ನಡೆಯುತ್ತದೆ. ಕಾಯಿ ಮಾತ್ರ ಹೊರಜಿಲ್ಲೆಗಳಿಂದ ಬರುತ್ತದೆ. (ಸುಂಕೇನಹಳ್ಳಿಯೆಂಬ ಊರಿತ್ತೆಂಬುದೇ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಹೊಸ ಸಂಗತಿ.)

ನೀರಿನ ಮಾತೂ ಹಾಗೆಯೇ. ಮಲ್ಲೇಶ್ವರದ ಮಗ್ಗುಲಲ್ಲಿ 1882ರ ಸ್ಯಾಂಕಿ ಕೆರೆಯಿದೆ. ಚಾಮರಾಜಪೇಟೆಯ ಸಮೀಪದಲ್ಲಿ ಕೆಂಪಾಂಬುಧಿಯಿದೆ. ಆದರೂ ಈ ಬಡಾವಣೆಗಳು ಬೆಳೆದದ್ದು ಅರ್ಕಾವತಿಯ ಹೆಸರಘಟ್ಟದಿಂದ ಕೊಳಾಯಿಯಲ್ಲಿ ಹರಿದುಬಂದ ನೀರಿನಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರೂ 1974ರಲ್ಲಿ ಕಾವೇರಿಯೂ ಅದಕ್ಕೆ ಸೇರಿದುವು. ಕೆರೆ ನೋಟಕ್ಕೆ ಉಳಿಯಿತು; ಬಾಯಾರಿಕೆಯನ್ನು ನೀಗಿದವು ದೂರದ ಜಲಾಶಯಗಳು.

ಇನ್ನು ದುಡಿಮೆಯ ವಿಚಾರ. ಗ್ರಾಮಕ್ಕೆ ಬೇಕಾದ ಕಸುಬುಗಳೆಲ್ಲ ಗ್ರಾಮದಲ್ಲಿಯೇ ಇರಬೇಕೆಂದು ಮೇಲಿನ ವಾದವನ್ನು ಮುಂದಿಡುವವರೇ ಹೇಳುತ್ತಾರೆ. ಆದರೆ ಇಲ್ಲಿ ನೆಲಸಿದವರಲ್ಲಿ ಬಹುಮಂದಿ ಸರ್ಕಾರಿ ಸಂಬಳದವರು, ವಕೀಲರು, ಉಪಾಧ್ಯಾಯರು. ಅವರ ಅನ್ನದ ಮೂಲ ಬಡಾವಣೆಯ ಹೊರಗಿತ್ತು. ನಿವೇಶನಗಳನ್ನು ಹಂಚುವಾಗ ಜಾತಿಗಳಿಗೆ ಬೇರೆಬೇರೆ ವಿಭಾಗಗಳನ್ನು ಗೊತ್ತುಮಾಡಿದುದರಿಂದ ಹಳ್ಳಿಯ ಕೇರಿಗಳ ಅಂತರವೇ ಹೊಸ ನಕ್ಷೆಯಲ್ಲಿ ಅಚ್ಚುಕಟ್ಟಾಗಿ ಮರುಹುಟ್ಟು ಪಡೆಯಿತು. ಮನೆಗಳ ಹಿತ್ತಿಲಿಗೆ ಹೊಂದಿಕೊಂಡ ಕಿರುವೋಣಿಗಳನ್ನು ಬಿಟ್ಟದ್ದು, ಮಲವನ್ನು ಹೊತ್ತೊಯ್ಯುವ ಜಲಗಾರರು ಬೀದಿಯಲ್ಲಿ ಕಾಣಿಸಿಕೊಳ್ಳದೆ ಬಂದುಹೋಗಲೆಂದು. ಬಡಾವಣೆಯ ನೈರ್ಮಲ್ಯವೆಲ್ಲ ಈ ಜನರ ಬೆನ್ನ ಮೇಲೆ ನಿಂತಿತ್ತು.

ಆ ಓಣಿಗಳಲ್ಲಿ ಕೆಲವು ಇಂದು ಒತ್ತುವರಿಯಾಗಿವೆ, ಕೆಲವೆಡೆ ವಾಹನಗಳು ನಿಂತಿವೆ. ಈ ಬಡಾವಣೆಗಳನ್ನು ಮಾದರಿಗ್ರಾಮಗಳೆಂದು ಕೊಂಡಾಡುವ ಬರೆವಣಿಗೆಗಳಲ್ಲಿ ನಾವು ಕಂಡವುಗಳಾವುವೂ ಅವುಗಳ ಹೆಸರೆತ್ತಿಲ್ಲ.